ರಿಪೇರಿ ಮಾಡಿಸಿದ ಕ್ಯಾಟಮರಾನ್ ಮಾರುವುದು: ಮೈಸೂರು ಕಡೆಯವರಿಗೊಂದು ಕೈಪಿಡಿ

ಹಳೇ ಕಾರು ಮಾರಬೇಕೆಂದರೆ ಯಾವ ಡೀಲರ್ ಹತ್ತಿರ ಹೋದರೂ ಹತ್ತು ನಿಮಿಷದಲ್ಲಿ ಒಂದು ರೇಟು ಹೇಳುತ್ತಾರೆ. ಕ್ಯಾಟಮರಾನಿಗೆ, ಅಂದರೆ ಎರಡು ಒಡಲಿನ ಹಾಯಿದೋಣಿಗೆ, ಅಂಥ ಡೀಲರೂ ಇಲ್ಲ, ರೇಟೂ ಇಲ್ಲ. ಕೊಳ್ಳುವವರೂ ಬೆರಳೆಣಿಕೆಯಷ್ಟೇ. ಒಬ್ಬರು ಮಂಗಳೂರಿನಿಂದ ಫೋನ್ ಮಾಡಿದರೆ ಇನ್ನೊಬ್ಬರು ಗೋವಾದಿಂದಲೋ ಪುದುಚೇರಿಯಿಂದಲೋ ಮಾಡುತ್ತಾರೆ. ಉಳಿದವರು ಶನಿವಾರ ಭಾನುವಾರ ಕೆಆರ್‌ಎಸ್ ಹಿನ್ನೀರಿಗೆ ಬರುವ ಬೆಂಗಳೂರಿನವರು, ಇಲ್ಲವೇ ರೆಸಾರ್ಟ್ ನಡೆಸುವವರು. ಯಾರೇ ಬರಲಿ, ಎಲ್ಲರ ಅನುಮಾನವೂ ಒಂದೇ: ಈ ಹೊಸ ಪೇಂಟಿನ ಕೆಳಗೆ ಏನಿದೆ? ಈ ಪ್ರಶ್ನೆಗೆ ಕೈಯಲ್ಲಿ ಹಿಡಿದು ತೋರಿಸುವಂಥ ಉತ್ತರ ಇರುವವರ ದೋಣಿ ಬೇಗ ಹೋಗುತ್ತದೆ. ಬರೀ ಬಾಯಿಮಾತಿನಲ್ಲಿ ಉತ್ತರ ಕೊಡುವವರ ದೋಣಿ ವರ್ಷಗಟ್ಟಲೆ ಟಾರ್ಪಾಲಿನ ಕೆಳಗೆ ಕೂರುತ್ತದೆ.

ಇಲ್ಲಿ ಹೇಳುತ್ತಿರುವುದು 18ರಿಂದ 24 ಅಡಿಯ ದೋಣಿಗಳ ಬಗ್ಗೆ. ಒಡಲು ಪ್ಲೈವುಡ್-ಎಪಾಕ್ಸಿಯದು (ಎಪಾಕ್ಸಿ ಅಂದರೆ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ಅಥವಾ ಫೈಬರಿನದು, ಒಳಗೆ ಇಬ್ಬರು ಮಲಗುವಷ್ಟು ಜಾಗ, ಎರಡು ಒಡಲನ್ನು ಸೇರಿಸುವ ಅಡ್ಡದೂಲಗಳು, ನಡುವೆ ಟ್ರ್ಯಾಂಪೊಲಿನ್ ಬಲೆ, ಹಿಂದೆ 5ರಿಂದ 10 ಎಚ್‌ಪಿಯ ಔಟ್‌ಬೋರ್ಡ್, ಅಂದರೆ ಹೊರಗೆ ತೂಗುಹಾಕುವ ಇಂಜಿನ್. ಜೇಮ್ಸ್ ವಾರಮ್ ವಿನ್ಯಾಸದ ಟಿಕಿ 21 ಈ ಜಾತಿಗೆ ಒಳ್ಳೆಯ ಉದಾಹರಣೆ. ಅದರ ದೂಲಗಳನ್ನು ಬೋಲ್ಟ್ ಹಾಕಿ ಬಿಗಿಯುವುದಿಲ್ಲ, ಹಗ್ಗದಿಂದ ಕಟ್ಟುತ್ತಾರೆ. ಬಿಚ್ಚಿದರೆ ಲಾರಿಯಲ್ಲಿ ಹೋಗುತ್ತದೆ. ದಡದ ಮೇಲಿಂದಲೇ ತಳ್ಳಿ ಆಡುವ ಹೋಬಿ 16ರಂಥವಕ್ಕೂ ಮುಂದಿನ ಬಹುಪಾಲು ಮಾತು ಅನ್ವಯಿಸುತ್ತದೆ. ಅವುಗಳಲ್ಲಿ ಮಲಗುವ ಜಾಗ ಇರುವುದಿಲ್ಲ, ಅಷ್ಟೇ.

ಯಾವಾಗ ಮಾರಾಟಕ್ಕೆ ಇಡಬೇಕು

ಅಕ್ಟೋಬರಿನಿಂದ ಜನವರಿ. ಮಳೆ ಚೆನ್ನಾಗಿ ಆದ ವರ್ಷ ಜುಲೈ-ಆಗಸ್ಟಿನಲ್ಲಿ ಕೆಆರ್‌ಎಸ್ 124.80 ಅಡಿಯ ಪೂರ್ಣಮಟ್ಟಕ್ಕೆ ಬರುತ್ತದೆ. ಆಗ ಹಿನ್ನೀರು ದಡದವರೆಗೂ ತುಂಬಿರುತ್ತದೆ, ಟ್ರೇಲರ್ ಇಳಿಸಲು ಗಟ್ಟಿ ನೆಲ ಸಿಗುತ್ತದೆ. ಕರಾವಳಿಯವರಿಗೂ ಮಳೆಗಾಲದ ಅಬ್ಬರ ಕಳೆದು ಕಡಲು ತೆರೆದುಕೊಳ್ಳುವ ಕಾಲ ಅದೇ. ಏಪ್ರಿಲ್-ಮೇನಲ್ಲಿ ನೀರು ಹಿಂದೆ ಸರಿದು ಮೊಣಕಾಲುದ್ದ ಕೆಸರು ಬಿಟ್ಟಿರುತ್ತದೆ, ಮುಳುಗಿದ್ದ ಮರದ ಬೊಡ್ಡೆಗಳು ಮೇಲೇಳುತ್ತವೆ. ಆ ಕೆಸರಿನಲ್ಲಿ ದೋಣಿ ಇಳಿಸಿ ತೋರಿಸುವುದು ಮಾರುವವರಿಗೂ ಶಿಕ್ಷೆ, ನೋಡುವವರಿಗೂ ಶಿಕ್ಷೆ. ಬೇಸಿಗೆಯಲ್ಲಿ ರಿಪೇರಿ ಮುಗಿಸಿ, ಮಳೆಗಾಲವಿಡೀ ದೋಣಿಯನ್ನು ಹೊರಗೇ ನಿಲ್ಲಿಸಿ, ಸೋರಿಕೆ ಇದ್ದರೆ ನೀವೇ ಮೊದಲು ಕಂಡುಹಿಡಿದು, ಆಮೇಲೆ ಜಾಹೀರಾತು ಹಾಕುವುದು ಸರಿಯಾದ ಕ್ರಮ.

ಪೇಂಟಿನ ಕೆಳಗಿನದನ್ನು ತೋರಿಸುವುದು

ಸಿಹಿನೀರಿನಲ್ಲಿ ಓಡಿದ ದೋಣಿ ಎಂದು ಜಾಹೀರಾತಿನಲ್ಲಿ ಹೆಮ್ಮೆಯಿಂದ ಬರೆಯುವವರಿದ್ದಾರೆ. ಅದು ಅರ್ಧ ಸತ್ಯ. ಲೋಹಕ್ಕೆ ಸಿಹಿನೀರು ನಿಜಕ್ಕೂ ಒಳ್ಳೆಯದು. ಅಲ್ಯೂಮಿನಿಯಂ ಹಾಯಿಕಂಬ, ಸ್ಟೀಲ್ ಫಿಟ್ಟಿಂಗು, ಇಂಜಿನ್ನಿನ ನೀರಿನ ದಾರಿ ಎಲ್ಲವೂ ಹೆಚ್ಚು ದಿನ ಬಾಳುತ್ತವೆ. ಮರಕ್ಕೆ ಮಾತ್ರ ಇದು ಉಲ್ಟಾ. ಮರ ಕೊಳೆಸುವ ಬೂಸ್ಟಿಗೆ ಉಪ್ಪು ಆಗುವುದಿಲ್ಲ, ಸಿಹಿನೀರು ಆಗುತ್ತದೆ. ಅದರಲ್ಲೂ ಕೆಆರ್‌ಎಸ್ ನೀರಿಗಿಂತ ಜೂನ್ ತಿಂಗಳ ಮಳೆನೀರೇ ದೊಡ್ಡ ಶತ್ರು. ಅದು ಮೇಲಿನಿಂದ, ಸ್ಕ್ರೂ ತೂತುಗಳಿಂದ, ಹ್ಯಾಚ್ (ಒಡಲೊಳಗೆ ಇಳಿಯುವ ಕಿಂಡಿ) ಮುಚ್ಚಳದ ಅಂಚಿನಿಂದ ಇಳಿದು, ಗಾಳಿಯಾಡದ ಮೂಲೆಯಲ್ಲಿ ನಿಂತುಬಿಡುತ್ತದೆ. ಫೈಬರ್ ಒಡಲಿದ್ದರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ, ಫೈಬರಿನ ನುಣುಪಾದ ಹೊರಪದರ ಜೆಲ್‌ಕೋಟ್ ಕೆಳಗೆ ಗುಳ್ಳೆ ಏಳುವ ತೊಂದರೆ ಸಮುದ್ರಕ್ಕಿಂತ ಸಿಹಿನೀರಿನಲ್ಲೇ ಬೇಗ ಶುರುವಾಗುತ್ತದೆ. ತಿಳಿದ ಕೊಳ್ಳುವವರಿಗೆ ಇದು ಗೊತ್ತಿರುತ್ತದೆ. ಅವರು ನೇರವಾಗಿ ಹ್ಯಾಚ್ ಅಂಚಿಗೇ ಬೆರಳು ಹಾಕುತ್ತಾರೆ.

ಹಾಗಾಗಿ ಅವರು ಬರುವ ಮೊದಲೇ ನೀವು ದೋಣಿಯನ್ನು ಪೂರ್ತಿ ತಟ್ಟಿ ನೋಡಿ. ಸ್ಕ್ರೂಡ್ರೈವರಿನ ಹಿಡಿಯಿಂದ ಪ್ರತಿ ನಾಲ್ಕು ಬೆರಳಿಗೆ ಒಂದು ಪೆಟ್ಟು. ಗಟ್ಟಿ ಜಾಗದಲ್ಲಿ ಟಕ್ ಟಕ್ ಎನ್ನುತ್ತದೆ, ಒಳಗೆ ಕೊಳೆತಿದ್ದರೆ ಅಥವಾ ಪದರ ಬಿಟ್ಟಿದ್ದರೆ ದಬ್ ಎಂದು ಸದ್ದು ಸಾಯುತ್ತದೆ. ಅನುಮಾನ ಬಂದ ಜಾಗಕ್ಕೆ ಒಳಮೈಯಿಂದ ದಬ್ಬಳ ಚುಚ್ಚಿ. ಒಳ್ಳೆಯ ಪ್ಲೈಗೆ ಮೊನೆ ಒಂದೆರಡು ಮಿ.ಮೀ. ಇಳಿದು ನಿಲ್ಲುತ್ತದೆ, ಕೊಳೆತದ್ದಕ್ಕೆ ಸಲೀಸಾಗಿ ಹೋಗುತ್ತದೆ. ಬಡಗಿಗಳು ಬಳಸುವ ತೇವಾಂಶ ಮೀಟರ್ ಒಂದು ದಿನದ ಮಟ್ಟಿಗೆ ತಂದರೆ ಇನ್ನೂ ಒಳ್ಳೆಯದು. 15 ಪರ್ಸೆಂಟ್ ಒಳಗಿದ್ದರೆ ಒಣಗಿದೆ ಎಂದೇ ಲೆಕ್ಕ, 20 ದಾಟಿದರೆ ಬೂಸ್ಟು ಬೆಳೆಯುವ ಹಂತ. ಮುಖ್ಯವಾಗಿ ನೋಡಬೇಕಾದ ಜಾಗಗಳು: ಹ್ಯಾಚ್ ಸುತ್ತ, ಅಡ್ಡದೂಲ ಕೂರುವ ತೊಟ್ಟಿಲು, ಹಾಯಿಕಂಬ ಎಳೆದು ನಿಲ್ಲಿಸುವ ಸ್ಟೇ ವೈರ್ ಹಿಡಿಯುವ ಪಟ್ಟಿಯ ಹಿಂದೆ, ಹಿಂಬದಿಯಲ್ಲಿ ಚುಕ್ಕಾಣಿ ಕೂರುವ ಮರ, ತಳದ ಅತಿ ಕೆಳಗಿನ ಮೂಲೆ. ಓದಿದ ಅಂಕಿಗಳನ್ನು ದೋಣಿಯ ನಕ್ಷೆ ಬರೆದು ಅದರ ಮೇಲೇ ದಿನಾಂಕ ಸಹಿತ ಗುರುತು ಹಾಕಿ. ಈ ಒಂದು ಹಾಳೆ ಹತ್ತು ನಿಮಿಷದ ಮಾತು ಉಳಿಸುತ್ತದೆ.

ಮೆದು ಜಾಗ ಸಿಕ್ಕಿತು ಅಂದುಕೊಳ್ಳಿ. ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆಸಿದರೆ ಮುಂದಿನ ಮಳೆಗಾಲಕ್ಕೆ ಅಲ್ಲೇ ಉಬ್ಬುತ್ತದೆ, ಯಾಕೆಂದರೆ ಒಳಗಿನ ತೇವ ಹೊರಹೋಗುವ ದಾರಿಯನ್ನು ನೀವೇ ಮುಚ್ಚಿದಂತಾಯಿತು. ಕೊಳೆತ ಪ್ಲೈಯನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಅಂಚನ್ನು ದಪ್ಪದ 8 ಪಟ್ಟು ಉದ್ದಕ್ಕೆ ಇಳಿಜಾರಾಗಿ ಹೆರೆಯಬೇಕು, ಅಂದರೆ 6 ಮಿ.ಮೀ. ಪ್ಲೈಗೆ ಸುಮಾರು 5 ಸೆಂ.ಮೀ. ಹೊಸ ತುಂಡಿಗೂ ಅದೇ ಇಳಿಜಾರು ಕೊಟ್ಟು, ಎಪಾಕ್ಸಿಯಿಂದ ಕೂಡಿಸಿ, ಮೇಲೆ ಗ್ಲಾಸ್ ಬಟ್ಟೆ (ಗಾಜಿನ ನಾರಿನ ಬಟ್ಟೆ) ಹಾಕಬೇಕು. ಸ್ಕ್ರೂ ತೂತುಗಳನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿಸಿ, ಗಟ್ಟಿಯಾದ ಮೇಲೆ ಅದರೊಳಗೇ ಮತ್ತೆ ಸಣ್ಣ ತೂತು ಕೊರೆಯಬೇಕು. ಆಗ ನೀರು ಇಳಿದರೂ ಮರಕ್ಕೆ ಮುಟ್ಟುವುದಿಲ್ಲ. ಎಪಾಕ್ಸಿಯನ್ನು ಬಿಸಿಲಿಗೆ ಹಾಗೇ ಬಿಡಬೇಡಿ. ಮೈಸೂರಿನ ಬಿಸಿಲಿಗೂ ಅದು ಹಳದಿಯಾಗಿ ಪುಡಿಯೇಳುತ್ತದೆ, ಮೇಲೆ ಎರಡು ಡಬ್ಬಿ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಪೇಂಟ್ ಇರಲೇಬೇಕು.

ಪ್ಲೈ ವಿಚಾರದಲ್ಲಿ ಒಂದು ಮಾತು. ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಎಂದು ಕೊಡುವುದೆಲ್ಲ ದೋಣಿಗೆ ಆಗುವುದಿಲ್ಲ. ಐಎಸ್ 303 ಅಂದರೆ ಮನೆಯ ಕಪಾಟಿನ ಪ್ಲೈ. ದೋಣಿಗೆ ಬೇಕಾದ್ದು ಐಎಸ್ 710, ಅಂದರೆ ಮರೈನ್ ಪ್ಲೈ. ಇದರ ಪರೀಕ್ಷೆಯಲ್ಲಿ ತುಂಡನ್ನು 72 ಗಂಟೆ ಕುದಿಸಿದರೂ ಪದರ ಬಿಡಬಾರದು. ಹಾಳೆಯ ಮೇಲಿನ ಐಎಸ್ಐ ಮುದ್ರೆ ಮತ್ತು ಲೈಸೆನ್ಸ್ ನಂಬರಿನ ಫೋಟೋ ತೆಗೆದು ಬಿಲ್ಲಿನ ಜೊತೆ ಇಡಿ. ರಿಪೇರಿಯಲ್ಲಿ ಉಳಿದ ಚೂರುಗಳನ್ನು ಬಿಸಾಡಬೇಡಿ. ಅಂಗೈಯಗಲದ ನಾಲ್ಕು ಚೂರು ಎತ್ತಿಟ್ಟು, ನೋಡಲು ಬಂದವರಿಗೆ ಒಂದು ಕೊಟ್ಟು, ‘ಮನೆಗೆ ಒಯ್ದು ಕುದಿಸಿ ನೋಡಿ ಸಾರ್’ ಅನ್ನಿ. ಕುದಿಸುವವರು ಕಡಿಮೆ. ಆದರೆ ಚೂರು ಕೊಟ್ಟವರ ಮೇಲೆ ಹುಟ್ಟುವ ನಂಬಿಕೆ ಬೇರೆಯದೇ.

ರಿಪೇರಿ ಇನ್ನೂ ನಡೆಯುತ್ತಿದ್ದರೆ ಪ್ರತಿ ಹಂತದ ಫೋಟೋ ತೆಗೆಯಿರಿ: ಕೊಳೆತದ್ದು, ಕತ್ತರಿಸಿದ ತೂತು, ಹೊಸ ತುಂಡು, ಗ್ಲಾಸ್ ಬಟ್ಟೆ, ಪ್ರೈಮರ್. ಪಕ್ಕದಲ್ಲಿ ಅಳತೆ ಟೇಪ್ ಇರಲಿ. ಕೊಳೆತದ್ದರ ಫೋಟೋ ತೋರಿಸಿದರೆ ಬೆಲೆ ಬೀಳುತ್ತದೆಂದು ಹೆದರಿ ಅಡಗಿಸುವವರೇ ಹೆಚ್ಚು. ವ್ಯವಹಾರದಲ್ಲಿ ಆಗುವುದು ತದ್ವಿರುದ್ಧ. ಆ ಫೋಟೋ ಇಲ್ಲದಿದ್ದರೆ, ಇಡೀ ದೋಣಿಯೇ ಕೊಳೆತಿರಬಹುದು ಎಂದು ಅವರು ಊಹಿಸಿಕೊಂಡು ರೇಟು ಇಳಿಸುತ್ತಾರೆ.

ವೈರು, ಹಗ್ಗ, ಹಾಯಿ

ಹಾಯಿಕಂಬವನ್ನು ಎಳೆದು ನಿಲ್ಲಿಸುವ 1×19 (ಹತ್ತೊಂಬತ್ತು ಎಳೆಯ) ಸ್ಟೀಲ್ ವೈರಿನ ಉದ್ದಕ್ಕೂ ಒಂದು ಹತ್ತಿ ಚೂರು ಹಿಡಿದು ಉಜ್ಜಿ. ಒಂದು ಎಳೆ ತುಂಡಾಗಿದ್ದರೂ ಹತ್ತಿ ಸಿಕ್ಕಿಕೊಳ್ಳುತ್ತದೆ. ಹಾಗಾದ ವೈರನ್ನು ರಿಪೇರಿ ಮಾಡುವ ಹಾಗಿಲ್ಲ, ಬದಲಾಯಿಸುವುದೇ ದಾರಿ. ತುದಿಯಲ್ಲಿ ಒತ್ತಿ ಕೂರಿಸಿದ ಕೊಳವೆಯ ಮೇಲೆ ಕೂದಲೆಳೆಯ ಬಿರುಕು, ಕಂದು ಕಣ್ಣೀರಿನಂಥ ಗೆರೆ ಇದೆಯೇ ನೋಡಿ. ಹತ್ತು-ಹದಿನೈದು ವರ್ಷದ ವೈರು ಕಣ್ಣಿಗೆ ಚೆನ್ನಾಗಿ ಕಂಡರೂ ದೋಣಿ ತಪಾಸಣೆ ಮಾಡುವ ಸರ್ವೇಯರ್ ಒಪ್ಪುವುದಿಲ್ಲ, ವಿಮೆಯವರೂ ತಕರಾರು ತೆಗೆಯಬಹುದು. ಯಾವ ವರ್ಷ ಹಾಕಿಸಿದ್ದೆಂದು ತೋರಿಸುವ ಬಿಲ್ಲು ಇದ್ದರೆ ಅದನ್ನು ಫೈಲಿನ ಮೊದಲ ಪುಟಗಳಲ್ಲೇ ಇಡಿ.

ದೂಲ ಕಟ್ಟುವ ಹಗ್ಗ ಪಾಲಿಯೆಸ್ಟರ್ ಇರಬೇಕು. ಅಗ್ಗಕ್ಕೆ ಸಿಗುತ್ತದೆಂದು ನೈಲಾನ್ ಕಟ್ಟಿದ ದೋಣಿಗಳು ಕಣ್ಣಿಗೆ ಬೀಳುತ್ತವೆ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ, ಒಂದು ಗಂಟೆ ಗಾಳಿಯಲ್ಲಿ ಓಡಿಸಿದರೆ ಎರಡೂ ಒಡಲುಗಳು ಒಂದೊಂದು ಕಡೆ ತೂಗಾಡಲು ಶುರುಮಾಡುತ್ತವೆ. ಮಾರುವ ಮೊದಲು ಎಲ್ಲ ಕಟ್ಟನ್ನೂ ಹೊಸ ಹಗ್ಗದಲ್ಲಿ ಕಟ್ಟಿಸಿ. ಖರ್ಚು ಕಡಿಮೆ, ನೋಡುವವರ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ.

ಹಾಯಿಯಲ್ಲಿ ಬಟ್ಟೆಗಿಂತ ಮೊದಲು ಸಾಯುವುದು ಹೊಲಿಗೆಯ ದಾರ. ಹಿಂದಂಚಿನ ಹೊಲಿಗೆಯನ್ನು ಉಗುರಿನಿಂದ ಗೀರಿ. ದಾರ ಪುಡಿಯಾಗಿ ಎದ್ದರೆ ಪೂರ್ತಿ ಮರುಹೊಲಿಗೆ ಬೇಕು. ಅದು ಹೊಸ ಹಾಯಿಯ ಖರ್ಚಿನಲ್ಲಿ ಒಂದು ಸಣ್ಣ ಪಾಲು. ಟ್ರ್ಯಾಂಪೊಲಿನ್ ಬಲೆ ಬಿಸಿಲಿಗೆ ಸೀದಿದ್ದರೆ ಮಾತೇ ಬೇಡ, ಬದಲಾಯಿಸಿ ಅಥವಾ ಬೆಲೆಯಲ್ಲಿ ಕಳೆಯಿರಿ. ಅದರ ಮೇಲೆ ಜನ ನಡೆಯುತ್ತಾರೆ.

ಇಂಜಿನ್

ವರ್ಷಗಟ್ಟಲೆ ನಿಂತ ಔಟ್‌ಬೋರ್ಡಿನಲ್ಲಿ ನೂರಕ್ಕೆ ತೊಂಬತ್ತು ಸಲ ಕೆಟ್ಟಿರುವುದು ಕಾರ್ಬ್ಯುರೇಟರೇ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ. ಅದು ಗಾಳಿಯ ತೇವ ಹೀರುತ್ತದೆ, ಹೆಚ್ಚಾದಾಗ ನೀರಿನಂಶ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಹಳೇ ಪೆಟ್ರೋಲನ್ನು ಪೂರ್ತಿ ತೆಗೆದು, ಜೆಟ್ ಬಿಚ್ಚಿಸಿ ತೊಳೆಸಿ, ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ನೀರು ಎಳೆಯುವ ರಬ್ಬರ್ ಇಂಪೆಲ್ಲರ್ ಹೊಸದು ಹಾಕಿಸಿ ಹಳೆಯದನ್ನು ಕವರಿನಲ್ಲಿಟ್ಟು ಕೊಡಿ. ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ. ಎರಡು ಸಿಲಿಂಡರಿದ್ದರೆ ಕಂಪ್ರೆಷನ್ ಅಳೆಸಿ. ಎರಡರ ನಡುವೆ 10 ಪರ್ಸೆಂಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬೆಲೆ ಮಾತಾಡುವಾಗ ಅದನ್ನೂ ಸೇರಿಸಿ ಮಾತಾಡಬೇಕಾಗುತ್ತದೆ.

ಶಾಫ್ಟ್ (ಇಂಜಿನ್ನಿನಿಂದ ಕೆಳಗಿನ ಫ್ಯಾನ್ ಕಡೆಗೆ ಇಳಿಯುವ ಕಾಲು) 15 ಇಂಚೋ 20 ಇಂಚೋ ಎಂಬುದನ್ನು ಜಾಹೀರಾತಿನಲ್ಲೇ ಬರೆಯಿರಿ. ಕ್ಯಾಟಮರಾನಿಗೆ ಸಾಮಾನ್ಯವಾಗಿ ಉದ್ದದ್ದೇ ಬೇಕು, ಚಿಕ್ಕದಿದ್ದರೆ ಅಲೆಯ ಮೇಲೆ ಫ್ಯಾನ್ ಗಾಳಿಯಲ್ಲಿ ತಿರುಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ತಪ್ಪಿದರೆ ಇಂಜಿನ್ನೇ ಹೋಗುತ್ತದೆ. ಲೋಹ ಸವೆಯದ ಹಾಗೆ ತಾನು ಸವೆಯುವ ಆನೋಡ್ ಬಿಲ್ಲೆ ಸಿಹಿನೀರಿನ ದೋಣಿಯಲ್ಲಿ ಮೆಗ್ನೀಷಿಯಂನದು ಇರಬಹುದು. ಅದೇ ಬಿಲ್ಲೆಯ ಜೊತೆ ಉಪ್ಪುನೀರಿಗೆ ಇಳಿದರೆ ಬಹುಬೇಗ ಕರಗಿಹೋಗುತ್ತದೆ, ಆಮೇಲೆ ನೀರು ಇಂಜಿನ್ನಿನ ಅಲ್ಯೂಮಿನಿಯಂ ತಿನ್ನಲು ಶುರುಮಾಡುತ್ತದೆ. ಕೊಳ್ಳುವವರು ಮಲ್ಪೆಯವರೋ ಮಂಗಳೂರಿನವರೋ ಆಗಿದ್ದರೆ ಜಿಂಕ್ ಅಥವಾ ಅಲ್ಯೂಮಿನಿಯಂ ಆನೋಡ್ ಹಾಕಿಸಿಯೇ ಕಳಿಸಿ. ಒಡಲಿಗೆ ಪಾಚಿ-ಚಿಪ್ಪು ತಡೆಯುವ ಪೇಂಟ್ ಹೊಡೆಸಿಲ್ಲ ಎಂಬುದನ್ನೂ ಹೇಳಿಬಿಡಿ. ಹಿನ್ನೀರಿನಲ್ಲಿ ಅದು ಬೇಕಿರಲಿಲ್ಲ, ಸಮುದ್ರದಲ್ಲಿ ಬೇಕೇಬೇಕು.

ತೂಕ

ಕ್ಯಾಟಮರಾನಿನ ಒಡಲು ತೆಳು. ಭಾರ ಹೆಚ್ಚಾದಂತೆ ಒಂಟಿ ಒಡಲಿನ ದೋಣಿಗಿಂತ ಬೇಗ ಇಳಿಯುತ್ತದೆ, ಓಟವೂ ಬೇಗ ಕುಗ್ಗುತ್ತದೆ. ರಿಪೇರಿ ಮಾಡಿಸಿದ ದೋಣಿಯಲ್ಲಿ ಇದು ಖಾಯಂ ಪ್ರಶ್ನೆ, ಯಾಕೆಂದರೆ ಬಳಿದ ಪ್ರತಿ ಪದರವೂ ಭಾರವೇ. ಮಂಡ್ಯ ಕಡೆ ಕಬ್ಬಿನ ಲಾರಿ ತೂಗುವ ವೇಬ್ರಿಡ್ಜ್ ಊರೂರಲ್ಲಿ ಇವೆ. ಟ್ರೇಲರ್ ಸಹಿತ ಒಮ್ಮೆ, ಖಾಲಿ ಟ್ರೇಲರ್ ಒಮ್ಮೆ ತೂಗಿಸಿ ಎರಡೂ ಚೀಟಿ ಇಟ್ಟುಕೊಳ್ಳಿ. ಅವು ಹತ್ತಿಪ್ಪತ್ತು ಕೆಜಿ ಹೆಚ್ಚುಕಮ್ಮಿ ತೋರಿಸಬಹುದು, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಆಮೇಲೆ ಗಾಳಿಯಿಲ್ಲದ ಬೆಳಿಗ್ಗೆ ನೀರಿಗಿಳಿಸಿ, ಎರಡು ಒಡಲಿನ ಮುಂದೆ-ಹಿಂದೆ ಒಟ್ಟು ನಾಲ್ಕು ಕಡೆ ಡೆಕ್ ಅಂಚಿನಿಂದ ನೀರಿನವರೆಗೆ ಟೇಪಿನಲ್ಲಿ ಅಳೆಯಿರಿ. ಎಡಕ್ಕೂ ಬಲಕ್ಕೂ ಎರಡು ಸೆಂ.ಮೀ. ಮೇಲೆ ವ್ಯತ್ಯಾಸ ಬಂದರೆ ಒಂದೋ ಸಾಮಾನು ಒಂದೇ ಕಡೆ ತುಂಬಿದೆ, ಅಥವಾ ಒಂದು ಒಡಲು ನೀರು ಕುಡಿದಿದೆ. ಸಾಮಾನೆಲ್ಲ ಇಳಿಸಿ ಮತ್ತೆ ಅಳೆದರೆ ಯಾವುದೆಂದು ಗೊತ್ತಾಗುತ್ತದೆ.

ಕಾಗದಪತ್ರ

ಇಂಜಿನ್ ಇರುವ ಒಳನಾಡು ದೋಣಿಗೆ 1917ರ ಹಳೇ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಅನ್ವಯವಾಗುತ್ತದೆ. ನೋಂದಣಿ ಮತ್ತು ಸರ್ವೆ ಪ್ರಮಾಣಪತ್ರ ಆ ಕಾಯ್ದೆಯಡಿ ಬರುವಂಥವು. ನಮ್ಮ ರಾಜ್ಯದಲ್ಲಿ ಇದಕ್ಕೆ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯನ್ನು ವಿಚಾರಿಸಬೇಕು. ನೋಂದಣಿ ನಿಮ್ಮ ಹೆಸರಿನಲ್ಲೇ ಇದೆಯೇ ಅಥವಾ ಎರಡು ಕೈ ಹಿಂದಿನವರ ಹೆಸರಿನಲ್ಲೇ ಉಳಿದಿದೆಯೇ ನೋಡಿಕೊಳ್ಳಿ. ಸರಿಪಡಿಸುವ ಕೆಲಸ ಜಾಹೀರಾತಿಗಿಂತ ಮೊದಲು ಆಗಬೇಕು. ಕೊಳ್ಳುವವರು ಅಡ್ವಾನ್ಸ್ ಕೊಟ್ಟ ಮೇಲೆ ಶುರುಮಾಡಿದರೆ ವ್ಯಾಪಾರ ಮುರಿಯುವುದು ಇಲ್ಲೇ.

ದೋಣಿ ಹೊರದೇಶದಿಂದ ಬಂದದ್ದಾದರೆ ಕಸ್ಟಮ್ಸ್ ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿ ಬೇಕು. ಅದಿಲ್ಲದ ದೋಣಿಯನ್ನು ತಿಳಿದವರು ಮುಟ್ಟುವುದಿಲ್ಲ. ಇಂಜಿನ್ ನಂಬರ್, ಟ್ರೇಲರಿನ ಆರ್‌ಸಿ, ವಿಮೆ, ರಿಪೇರಿ ಬಿಲ್ಲು ಎಲ್ಲ ಒಂದೇ ಫೈಲಿನಲ್ಲಿರಲಿ.

ಕೆಆರ್‌ಎಸ್ ನೀರು ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿದೆ. ಅಲ್ಲಿ ಓಡಿಸಲು ನಿಮಗೆ ಸಿಕ್ಕ ಅನುಮತಿ ದೋಣಿಯ ಜೊತೆ ಮಾರಾಟವಾಗುವುದಿಲ್ಲ, ಹೊಸ ಮಾಲೀಕರು ತಾವೇ ಕೇಳಿ ಪಡೆಯಬೇಕು. ಕಬಿನಿ ಹಿನ್ನೀರಿನ ಸುತ್ತ ನಾಗರಹೊಳೆ, ಬಂಡೀಪುರದ ಕಾಡು ಇರುವುದರಿಂದ ಅರಣ್ಯ ಇಲಾಖೆಯ ಮಾತೂ ಬರುತ್ತದೆ. ‘ಇಲ್ಲೇ ಇಟ್ಕೊಂಡು ಓಡಿಸಬಹುದಾ?’ ಎಂದು ರೆಸಾರ್ಟಿನವರು ಕೇಳಿದರೆ, ‘ಓಹೋ’ ಎಂದು ನೀವು ಭರವಸೆ ಕೊಡಬೇಡಿ. ಪ್ರವಾಸಿಗರನ್ನು ಕೂರಿಸಿ ದುಡ್ಡು ತೆಗೆದುಕೊಳ್ಳುವುದಕ್ಕೆ ಪರವಾನಗಿ, ತಪಾಸಣೆ ಎಲ್ಲ ಬೇರೆ.

ಬೆಲೆ ಕಟ್ಟುವ ರೀತಿ

‘ನಾನು ಇಷ್ಟು ಹಾಕಿದ್ದೇನೆ’ ಎಂಬ ಲೆಕ್ಕ ಮಾರುವವರದು. ಕೊಳ್ಳುವವರಿಗೆ ಅದು ಲೆಕ್ಕಕ್ಕೇ ಬಾರದು. ಅವರ ಲೆಕ್ಕವನ್ನು ನೀವೇ ಮೊದಲು ಹಾಕಿ ನೋಡಿ. ಕೆಳಗಿನ ಅಂಕಿಗಳು ರೀತಿ ತೋರಿಸಲಷ್ಟೇ.

ದೋಣಿ ಮತ್ತು ಇಂಜಿನ್ ಕೊಂಡದ್ದು 1,80,000 ರೂಪಾಯಿ. ಪ್ಲೈ-ಎಪಾಕ್ಸಿ-ಬಟ್ಟೆ 75,000, ಪೇಂಟ್ 35,000, ಹಾಯಿ 90,000, ವೈರು-ಹಗ್ಗ 30,000, ಟ್ರೇಲರ್ 60,000, ಕೂಲಿ 90,000. ಒಟ್ಟು 5,60,000. ಈಗ ಎದುರಿನವರ ಕಡೆಯಿಂದ: ಗಟ್ಟಿಯಾದ ಒಡಲುಗಳಿಗೆ 1,80,000, ಒಂದು ವರ್ಷ ಬಳಸಿದ ಹಾಯಿಗೆ 60,000, ವೈರಿಗೆ 20,000, ಟ್ರೇಲರಿಗೆ 55,000, ಇಂಜಿನ್ನಿಗೆ 70,000. ಕೂಡಿದರೆ 3,85,000. ಇದರಲ್ಲಿ ಮೊದಲ ವರ್ಷವೇ ಅವರು ಮಾಡಲೇಬೇಕಾದ ಖರ್ಚು, ಬಲೆ ಮತ್ತು ಇಂಜಿನ್ ಸರ್ವಿಸಿಗೆ 30,000, ಕಳೆಯಿರಿ. ಉಳಿಯುವುದು 3,55,000. ಹೇಳುವ ಬೆಲೆ 3,90,000 ಇಟ್ಟು ಅಲ್ಲಿಗೆ ಇಳಿಯಬಹುದು. 5,60,000 ಹೇಳಿ ಕೂತರೆ ಮೊದಲ ತಿಂಗಳು ಬರುವ ನಿಜವಾದ ಗಿರಾಕಿಗಳು ಫೋನ್ ಇಟ್ಟುಬಿಡುತ್ತಾರೆ. ಆಮೇಲೆ ಬೆಲೆ ಇಳಿಸಿದರೂ, ‘ಏನೋ ಐಬು ಇರಬೇಕು, ಇಷ್ಟು ದಿನ ಹೋಗಿಲ್ಲ’ ಎಂಬ ಮಾತು ಅಂಟಿಕೊಳ್ಳುತ್ತದೆ.

ಕೂಲಿ ಮತ್ತು ಪೇಂಟಿನ ದುಡ್ಡು ವಾಪಸ್ ಬರುವುದಿಲ್ಲ ಎಂದೇ ತಿಳಿಯಿರಿ. ನಿಮ್ಮ ಪರವಾಗಿರುವ ಒಂದು ಸಂಗತಿಯೆಂದರೆ, ಮೋಜಿನ ದೋಣಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಿಂದ 40 ಪರ್ಸೆಂಟ್ ಆಗಿದೆ. ಹೊಸದು ತರಿಸುವ ಯೋಚನೆಯಲ್ಲಿರುವವರು ಹಳೆಯದರ ಕಡೆ ಒಮ್ಮೆ ತಿರುಗಿ ನೋಡಲು ಅಷ್ಟು ಸಾಕು. ಇಂಜಿನ್ ಸಹಿತ, ಇಂಜಿನ್ ರಹಿತ ಎಂದು ಎರಡು ಬೆಲೆ ಬರೆಯಿರಿ. ಔಟ್‌ಬೋರ್ಡ್ ಒಂದೇ ಆದರೆ ಕರಾವಳಿಯ ಮೀನುಗಾರರೂ ಕೊಳ್ಳುತ್ತಾರೆ.

ಜಾಹೀರಾತು

ಮೊದಲ ಫೋಟೋ ಸೂರ್ಯಾಸ್ತದ್ದು ಬೇಡ. ಪಕ್ಕದಿಂದ ಪೂರ್ತಿ ದೋಣಿ, ಬೆಳಗಿನ ಬೆಳಕಿನಲ್ಲಿ, ಟ್ರೇಲರ್ ಮೇಲೆ. ಉಳಿದವು: ತಳ, ಹ್ಯಾಚ್ ತೆಗೆದ ಒಳಭಾಗ, ದೂಲದ ಕಟ್ಟುಗಳು ಹತ್ತಿರದಿಂದ, ವೈರಿನ ತುದಿಗಳು, ಬಿಡಿಸಿದ ಹಾಯಿ, ಇಂಜಿನ್ ನಂಬರ್ ಪ್ಲೇಟು, ಜೊತೆಗೆ ನಿಮಗೆ ಗೊತ್ತಿರುವ ಎಲ್ಲ ದೋಷಗಳು. ಉದ್ದ, ಅಗಲ, ತೂಕ, ಬಿಚ್ಚಿದಾಗಿನ ಅಗಲ, ನೀರಿನೊಳಗೆ ಇಳಿಯುವ ಆಳ, ಎಷ್ಟು ಜನಕ್ಕೆ ಎಂಬುದೆಲ್ಲ ಅಂಕಿಯಲ್ಲಿರಲಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ, ಗಿರಾಕಿ ಚೆನ್ನೈನವರೂ ಆಗಬಹುದು. ಹೈದರಾಬಾದ್, ಚೆನ್ನೈ, ಮುಂಬೈಗಳ ಹಾಯಿದೋಣಿ ಕ್ಲಬ್ಬುಗಳ ನೋಟಿಸ್ ಬೋರ್ಡಿಗೆ ಒಂದು ಹಾಳೆ ಕಳಿಸುವುದು ಸಾರ್ವಜನಿಕ ಆ್ಯಪುಗಳಲ್ಲಿ ಹಾಕುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ರೋರಿ ಮೆಕ್‌ಡೂಗಲ್ ಟಿಕಿ 21ರಲ್ಲಿ 1991ರಿಂದ 1997ರವರೆಗೆ ಭೂಮಿ ಸುತ್ತಿ ಬಂದದ್ದು ನಿಜ. ಹಾಗೆಂದು ‘ಪ್ರಪಂಚ ಸುತ್ತಬಲ್ಲ ದೋಣಿ’ ಎಂದು ಬರೆದರೆ ಬರುವವರು ಹಗಲುಗನಸಿನವರೇ ಹೊರತು ಕೊಳ್ಳುವವರಲ್ಲ.

ಆ್ಯಪಿನಲ್ಲಿ ಹಾಕಿದ ಅರ್ಧ ಗಂಟೆಯಲ್ಲೇ, ದೋಣಿ ನೋಡದೆಯೇ ‘ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುವವರು ಬರುತ್ತಾರೆ. ಕೆಲವರು ಸೇನೆಯಲ್ಲಿದ್ದೇನೆ ಎನ್ನುತ್ತಾರೆ, ಐಡಿ ಕಾರ್ಡಿನ ಫೋಟೋವನ್ನೂ ಕಳಿಸುತ್ತಾರೆ. ಹಣ ಪಡೆಯಲು ಸ್ಕ್ಯಾನ್ ಮಾಡುವುದೂ ಬೇಕಿಲ್ಲ, ಯುಪಿಐ ಪಿನ್ ಒತ್ತುವುದೂ ಬೇಕಿಲ್ಲ. ಒತ್ತಿದರೆ ಹೋಗುವುದು ನಿಮ್ಮ ಹಣ. ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ನೀರಿನ ಮೇಲೆ ತೋರಿಸುವ ದಿನ

ನೋಡಲು ಬರುವವರೆಲ್ಲರಿಗೂ ಸವಾರಿ ಬೇಡ. ದಡದ ಮೇಲೆ ಪೂರ್ತಿ ನೋಡಿ, ಫೈಲು ಓದಿ, ಬೆಲೆಯ ಅಂದಾಜಿಗೆ ಒಪ್ಪಿ, ಸಣ್ಣ ಮೊತ್ತದ ಟೋಕನ್ ಕೊಟ್ಟವರಿಗೆ ಮಾತ್ರ. ನೀರಿನಲ್ಲಿ ದೋಷ ಕಂಡರೆ ಟೋಕನ್ ವಾಪಸ್ ಎಂದು ಮೊದಲೇ ಮೆಸೇಜ್ ಹಾಕಿಬಿಡಿ.

ದಿನವನ್ನು ಹೀಗೆ ಹಂಚಿ: ಬೆಳಿಗ್ಗೆ ಎಂಟಕ್ಕೆ ದಡದ ಮೇಲೆ ಹ್ಯಾಚ್ ತೆಗೆದು ತಳ ಒಣಗಿರುವುದನ್ನು ಅವರ ಕೈಯಿಂದಲೇ ಮುಟ್ಟಿಸಿ. ಗಾಳಿ ಏಳುವ ಮೊದಲು ನೀರಿಗಿಳಿಸಿ ಇಂಜಿನ್ನಿನಲ್ಲಿ ಓಡಿಸಿ. ತಣ್ಣಗಿರುವ ಇಂಜಿನ್ನನ್ನೇ ಅವರೆದುರು ಶುರುಮಾಡಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಕವರ್ ಮೇಲೆ ಕೈಯಿಟ್ಟೇ ಕಂಡುಹಿಡಿಯುತ್ತಾರೆ. ಮಧ್ಯಾಹ್ನದ ಮೇಲೆ ಗಾಳಿ ಬಂದಾಗ ಹಾಯಿ. ಚುಕ್ಕಾಣಿ ಅವರ ಕೈಗೆ ಕೊಡಿ, ನೀವು ಹಗ್ಗ ನೋಡಿಕೊಳ್ಳಿ. ಎರಡು ಗಂಟೆ ಓಡಿಸಿ ಬಂದು ಅದೇ ಹ್ಯಾಚ್ ಮತ್ತೆ ತೆಗೆಯಿರಿ. ಇಲ್ಲಿ ಒಂದು ಲೋಟ ನೀರಿದ್ದರೂ ಅದು ಎಲ್ಲಿಂದ ಬಂತೆಂದು ನಿಮಗೆ ಗೊತ್ತಿರಬೇಕು. ಎಲ್ಲರಿಗೂ ಲೈಫ್ ಜಾಕೆಟ್, ಈಜು ಬಂದರೂ ಸರಿ. ಮೀನಿನ ಬಲೆಗಳ ತೇಲುಬುರುಡೆ ಕಂಡ ಕಡೆ ಇಂಜಿನ್ ನಿಲ್ಲಿಸಿ ಸುತ್ತು ಹಾಕಿ, ಅಣೆಕಟ್ಟಿನ ಕಡೆ ಸುಳಿಯಬೇಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ನೀರಿನಲ್ಲಲ್ಲ, ನೆತ್ತಿಯ ಮೇಲೆ. ಹಿನ್ನೀರಿನ ದಡದ ಗದ್ದೆಗಳ ಮೇಲೆ ಪಂಪ್‌ಸೆಟ್ಟಿನ ಕರೆಂಟ್ ಲೈನು ಜೋತುಬಿದ್ದಿರುತ್ತದೆ, 11 ಕೆವಿ ಲೈನೂ ಹಾದುಹೋಗಿರುತ್ತದೆ. ಕಂಬ ಅಲ್ಯೂಮಿನಿಯಂ, ಉದ್ದ 20 ಅಡಿ ಮೇಲೆ, ಅದು ಟ್ರೇಲರ್ ಎತ್ತರದಿಂದ ಏಳುತ್ತದೆ. ದೋಣಿ ಇಳಿಸುವ ಜಾಗದವರೆಗೆ ಬರಿಗೈಯಲ್ಲಿ ನಡೆದು ಮೇಲೆ ನೋಡಿಕೊಂಡು ಬನ್ನಿ. ಲೈನು ದಾಟಿ, ನೀರಿನ ಅಂಚಿಗೆ ಬಂದ ಮೇಲೆಯೇ ಕಂಬ ಎತ್ತಿ. ಸಂಜೆ ವಾಪಸ್ ಬರುವಾಗ ಆತುರದಲ್ಲಿ ಕಂಬ ಇಳಿಸದೆಯೇ ಎಳೆದುಕೊಂಡು ಬರುವುದರಲ್ಲೇ ಇಂಥ ಅನಾಹುತ ಆಗುವುದು.

ಹಣ ಮತ್ತು ಪತ್ರ

ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ, ಎರಡು ಕಂತು ಮಾಡಿದರೂ ಒಂದೇ ವ್ಯವಹಾರ ಎಂದೇ ಲೆಕ್ಕ. ಬ್ಯಾಂಕಿನ ಮೂಲಕವೇ ಬರಲಿ. ಛಾಪಾಕಾಗದದ ಮೇಲೆ ಮಾರಾಟ ಪತ್ರ ಬರೆಸಿ. ಅದರಲ್ಲಿ ಎರಡೂ ಕಡೆಯವರ ವಿವರ, ನೋಂದಣಿ ಸಂಖ್ಯೆ, ಇಂಜಿನ್ ನಂಬರ್, ಕೊಡುವ ಸಾಮಾನಿನ ಪಟ್ಟಿ (ಲಂಗರು, ಹಗ್ಗ, ಜಾಕೆಟ್ ಎಷ್ಟೆಂದು ಸಹಿತ), ತಿಳಿಸಿದ ದೋಷಗಳ ಪಟ್ಟಿ, ಕೈಬದಲಾದ ದಿನ ಮತ್ತು ಗಂಟೆ ಇರಬೇಕು. ಗಂಟೆ ಯಾಕೆಂದರೆ, ದಾರಿಯಲ್ಲಿ ಏನಾದರೂ ಆದರೆ ಹೊಣೆ ಯಾರದ್ದೆಂಬ ಪ್ರಶ್ನೆ ಏಳುತ್ತದೆ. ದೋಷಗಳ ಪಟ್ಟಿಯ ಕೆಳಗೆ ಕೊಳ್ಳುವವರ ಸಹಿ ಬೇರೆಯಾಗಿ ಹಾಕಿಸಿ. ಹಣ ಖಾತೆಗೆ ಬಿದ್ದದ್ದನ್ನು ಬ್ಯಾಂಕಿನ ಆ್ಯಪಿನಲ್ಲಿ ನೋಡಿ, ಅವರು ತೋರಿಸುವ ಸ್ಕ್ರೀನ್‌ಶಾಟಿನಲ್ಲಲ್ಲ.

ಬಿಚ್ಚಿ ಸಾಗಿಸುವುದು

ರಸ್ತೆಯಲ್ಲಿ ವಾಹನದ ಅಗಲ 2.6 ಮೀಟರ್ ಮೀರಬಾರದು. ಹೋಬಿ 16 ಇದರೊಳಗೆ ಬರುತ್ತದೆ, 20 ಅಡಿ ದಾಟಿದ ಬಹುಪಾಲು ಕ್ಯಾಟಮರಾನ್‌ಗಳು ಬರುವುದಿಲ್ಲ, ಬಿಚ್ಚಲೇಬೇಕು. ಬಿಚ್ಚುವ ಮೊದಲು ಪ್ರತಿ ಕಟ್ಟನ್ನೂ ಮೊಬೈಲಿನಲ್ಲಿ ಎರಡು ಕೋನದಿಂದ ತೆಗೆದು, ಎಡದ ಭಾಗಗಳಿಗೆ ಕೆಂಪು ಟೇಪ್, ಬಲದವಕ್ಕೆ ಹಸಿರು ಟೇಪ್ ಸುತ್ತಿ, ದೂಲಗಳಿಗೆ ಮುಂದಿನಿಂದ ನಂಬರ್ ಹಾಕಿ. ಒಡಲನ್ನು ಒಳಗೆ ಅಡ್ಡಗೋಡೆ ಇರುವ ಜಾಗಕ್ಕೆ ಸರಿಯಾಗಿ ಹಳೇ ಟಯರ್, ಗೋಣಿಚೀಲ ಇಟ್ಟು ಕೂರಿಸಿ. ನಡುವಿನ ಖಾಲಿ ಜಾಗಕ್ಕೆ ಭಾರ ಬಿದ್ದರೆ ಪ್ಲೈ ಒಳಕ್ಕೆ ಬಾಗಿ ಎಪಾಕ್ಸಿ ಬಿರಿಯುತ್ತದೆ. ಬೆಲ್ಟ್ ಹಾದುಹೋಗುವ ಅಂಚಿಗೆಲ್ಲ ಕಾರ್ಪೆಟ್ ತುಂಡು. ಲಾರಿ ಮಾತಾಡುವಾಗ ಹತ್ತಿಸುವುದು, ಇಳಿಸುವುದು ಎರಡೂ ಸೇರಿಯೇ ಎಂದು ಕೇಳಿಕೊಳ್ಳಿ, ಹೈಡ್ರಾ (ಕ್ರೇನ್) ಬಾಡಿಗೆ ಯಾರದೆಂಬ ಜಗಳ ಅಲ್ಲೇ ಮುಗಿಯುತ್ತದೆ.

ಟ್ರೇಲರನ್ನು ಟ್ರ್ಯಾಕ್ಟರಿಗೆ ಕಟ್ಟಿ ಬೆಂಗಳೂರಿಗೆ ಹೊರಡುವ ಯೋಚನೆ ಇದ್ದರೆ ಬಿಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮಂಗಳೂರಿಗಾದರೆ ಹುಣಸೂರು, ಮಡಿಕೇರಿ, ಸಂಪಾಜೆ ಘಾಟಿಯ ದಾರಿ ಹತ್ತಿರ. ಆದರೆ ಉದ್ದದ ಕಂಬ ಹೊತ್ತ ಟ್ರೇಲರಿಗೆ ಆ ತಿರುವುಗಳು ಕಷ್ಟ, ಮಳೆಗಾಲದಲ್ಲಿ ಗುಡ್ಡ ಕುಸಿದು ಬಂದ್ ಆಗುವುದೂ ಇದೆ. ಹಾಸನದ ಮೇಲೆ ಶಿರಾಡಿ ಘಾಟಿಯೂ ಮಳೆಯಲ್ಲಿ ನೆಚ್ಚುವಂಥದ್ದಲ್ಲ. ಹೊರಡುವ ಹಿಂದಿನ ದಿನ ಎರಡನ್ನೂ ವಿಚಾರಿಸಿ. ಹಿಂದೆ ಚಾಚಿದ ಕಂಬದ ತುದಿಗೆ ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ.

ತಮ್ಮ ವಾಹನದಲ್ಲೇ ಟ್ರೇಲರ್ ಎಳೆದುಕೊಂಡು ಹೋಗುವವರಿಗೆ ಚಕ್ರದ ಬೇರಿಂಗ್ ವಿಷಯ ಹೇಳಲು ಮರೆಯಬೇಡಿ. ನೂರಾರು ಕಿಲೋಮೀಟರ್ ಓಡಿ ಕಾದ ಹಬ್ಬನ್ನು ಹಾಗೇ ನೀರಿಗಿಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗಿ ನೀರನ್ನು ಒಳಗೆಳೆಯುತ್ತದೆ, ಗ್ರೀಸ್ ಕೆಟ್ಟು ಮುಂದಿನ ಪ್ರಯಾಣದಲ್ಲಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಅರ್ಧ ಗಂಟೆ ತಣಿಯಲು ಬಿಟ್ಟು ಇಳಿಸಬೇಕು, ಆಮೇಲೆ ಗ್ರೀಸ್ ತುಂಬಬೇಕು. ಅಲ್ಲಿ ದೋಣಿ ಮತ್ತೆ ಕಟ್ಟಿದ ಮೇಲೆ ಮೊದಲ ಸವಾರಿ ಮುಗಿದ ತಕ್ಷಣ ದೂಲದ ಎಲ್ಲ ಕಟ್ಟನ್ನೂ ಇನ್ನೊಮ್ಮೆ ಬಿಗಿಯಬೇಕು. ಹೊಸ ಹಗ್ಗ ಮೊದಲ ಸಲ ಎಳೆದುಕೊಂಡಾಗ ಸಡಿಲವಾಗಿಯೇ ಆಗುತ್ತದೆ. ಕಟ್ಟುಗಳ ಫೋಟೋಗಳನ್ನು ಅಂದೇ ವಾಟ್ಸ್ಆ್ಯಪಿನಲ್ಲಿ ಕಳಿಸಿಬಿಡಿ. ಇಲ್ಲದಿದ್ದರೆ ವಾರದೊಳಗೆ ಫೋನ್ ಬರುತ್ತದೆ: ‘ಸಾರ್, ಎರಡನೇ ದೂಲದ ಹಗ್ಗ ಮೇಲಿಂದ ಸುತ್ತೋದಾ, ಕೆಳಗಿಂದಾನಾ?’